ಕೊಡೆಯೋ, ಕಿಂಡಿ ಅಣೆಕಟ್ಟಿನ ಹಲಗೆಯೋ: ಲಸಿಕೆ ಕಡ್ಡಾಯ ಮತ್ತು ಪ್ರಮಾಣಪತ್ರದ ಚರ್ಚೆಯನ್ನು ಬಿಡಿಸಿ ನೋಡಿದಾಗ

ಮಳೆಗಾಲ ಹಿಡಿಯುವ ಹೊತ್ತಿಗೆ ಮಂಗಳೂರು ಮತ್ತು ಉಡುಪಿಯ ಅನೇಕ ಮನೆಗಳಲ್ಲಿ ದಾಖಲೆಗಳ ಫೈಲು ಕಪಾಟಿನಿಂದ ಹೊರಬರುತ್ತದೆ. ಮಗುವನ್ನು ಶಾಲೆಗೆ ಸೇರಿಸಲು ಹೊರಟವರು ತಾಯಿ ಕಾರ್ಡ್ ಹುಡುಕುತ್ತಾರೆ. ನರ್ಸಿಂಗ್ ಕಾಲೇಜಿಗೆ ಸೀಟು ಸಿಕ್ಕಿದ ಮಗಳು ಹೆಪಟೈಟಿಸ್ ಬಿ ಚುಚ್ಚುಮದ್ದಿನ ಚೀಟಿ ಎಲ್ಲಿದೆ ಎಂದು ಕೇಳುತ್ತಾಳೆ. ಹಡಗಿನ ಕೆಲಸಕ್ಕೆ ಹೊರಟ ಮಗ ಹಳದಿ ಜ್ವರದ ಲಸಿಕೆಯ ಪುಟ್ಟ ಹಳದಿ ಪುಸ್ತಕವನ್ನು ಪಾಸ್‌ಪೋರ್ಟಿನೊಳಗೆ ಸೇರಿಸಿಡುತ್ತಾನೆ. ಫೈಲಿನ ಅಡಿಯಲ್ಲಿ, ಲ್ಯಾಮಿನೇಷನ್ ಮಾಡಿಸಿದ ಕೋವಿಡ್ ಲಸಿಕೆಯ ಪ್ರಮಾಣಪತ್ರ ಇನ್ನೂ ಹಾಗೆಯೇ ಇರುತ್ತದೆ.

ನೋಡಲು ಇವೆಲ್ಲವೂ ಒಂದೇ ಬಗೆಯ ಕಾಗದಗಳು. ಆದರೆ ಇವುಗಳನ್ನು ಕೇಳುವವರು ಬೇರೆ ಬೇರೆ, ಕೇಳುವುದಕ್ಕೆ ಅವರಿಗಿರುವ ಕಾನೂನಿನ ಬಲ ಬೇರೆ, ತೋರಿಸದಿದ್ದರೆ ಆಗುವ ಪರಿಣಾಮವೂ ಬೇರೆ. ಲಸಿಕೆಯನ್ನು ಕಡ್ಡಾಯ ಮಾಡಬಹುದೇ, ಹಾಕಿಸಿಕೊಂಡದ್ದಕ್ಕೆ ಸಾಕ್ಷಿ ಕೇಳಬಹುದೇ ಎಂಬ ಚರ್ಚೆ ಕೋವಿಡ್ ಕಾಲದಲ್ಲಿ ಪ್ರತಿ ಮನೆಯ ಜಗಲಿಗೂ ಬಂದಿತ್ತು, ಇಂದಿಗೂ ಪೂರ್ತಿ ತಣ್ಣಗಾಗಿಲ್ಲ. ಈ ಚರ್ಚೆಯಲ್ಲಿ ಮೂರು ಪ್ರಶ್ನೆಗಳು ಒಂದರೊಳಗೊಂದು ಸಿಕ್ಕಿಕೊಂಡಿವೆ. ಲಸಿಕೆ ಹಾಕಿಸಿಕೊಳ್ಳುವುದು ಒಳ್ಳೆಯದೇ ಎಂಬುದು ವೈದ್ಯಕೀಯ ಪ್ರಶ್ನೆ. ಹಾಕಿಸಿಕೊಳ್ಳದವರ ಮೇಲೆ ಯಾವ ನಿರ್ಬಂಧ ಹೇರಬಹುದು ಎಂಬುದು ಕಾನೂನಿನ ಮತ್ತು ನೀತಿಯ ಪ್ರಶ್ನೆ. ಹಾಕಿಸಿಕೊಂಡದ್ದನ್ನು ಹೇಗೆ, ಯಾರಿಗೆ, ಎಲ್ಲಿ ರುಜುವಾತು ಮಾಡಬೇಕು ಎಂಬುದು ಆಡಳಿತದ ಪ್ರಶ್ನೆ. ಒಂದಕ್ಕೆ ‘ಹೌದು’ ಎಂದವರು ಉಳಿದ ಎರಡಕ್ಕೂ ‘ಹೌದು’ ಎನ್ನಲೇಬೇಕೆಂದಿಲ್ಲ. ಲಸಿಕೆಯನ್ನು ಮನಸಾರೆ ಒಪ್ಪುವ ವೈದ್ಯರಲ್ಲೇ ಕಡ್ಡಾಯವನ್ನು ಒಪ್ಪದವರಿದ್ದಾರೆ.

‘ಕಡ್ಡಾಯ’ ಎಂಬ ಒಂದು ಪದದೊಳಗಿನ ಮೆಟ್ಟಿಲುಗಳು

ಕಡ್ಡಾಯ ಎಂದೊಡನೆ ಕೈ ಹಿಡಿದೆಳೆದು ಸೂಜಿ ಚುಚ್ಚುವ ಚಿತ್ರ ಕಣ್ಣಮುಂದೆ ಬರುತ್ತದೆ. ವಾಸ್ತವದಲ್ಲಿ ಇಂದಿನ ಯಾವ ಪ್ರಜಾಪ್ರಭುತ್ವದ ಚರ್ಚೆಯೂ ಅಲ್ಲಿಯವರೆಗೆ ಹೋಗುವುದಿಲ್ಲ. ತೀರಾ ಕೆಳಗಿನ ಮೆಟ್ಟಿಲಿನಲ್ಲಿ ಸಲಹೆಯಿದೆ: ಆಶಾ ಕಾರ್ಯಕರ್ತೆ ಮನೆಗೆ ಬಂದು ಇಂತಹ ದಿನ ಅಂಗನವಾಡಿಗೆ ಮಗುವನ್ನು ಕರೆತನ್ನಿ ಎಂದು ಹೇಳಿ ಹೋಗುವುದು. ಅದರ ಮೇಲೆ ಪರ್ಯಾಯವಿರುವ ಷರತ್ತಿದೆ, ಅಂದರೆ ಲಸಿಕೆಯ ದಾಖಲೆ ತೋರಿಸಿ, ಇಲ್ಲವೇ ಪರೀಕ್ಷೆಯ ವರದಿ ತೋರಿಸಿ ಎನ್ನುವುದು. ಯುರೋಪಿಯನ್ ಒಕ್ಕೂಟ 2021ರ ಜುಲೈ 1ರಿಂದ ಜಾರಿಗೆ ತಂದ ಕೋವಿಡ್ ಪ್ರಮಾಣಪತ್ರ ಈ ಬಗೆಯದು. ಲಸಿಕೆ ಪಡೆದವರು, ನೆಗೆಟಿವ್ ವರದಿ ಇರುವವರು, ಕಾಯಿಲೆಯಿಂದ ಗುಣವಾದವರು, ಈ ಮೂವರಿಗೂ ಅದರಲ್ಲಿ ದಾರಿಯಿತ್ತು. ಇನ್ನೂ ಮೇಲೆ ಹೋದರೆ ಪರ್ಯಾಯವಿಲ್ಲದ ಷರತ್ತು ಬರುತ್ತದೆ: ಲಸಿಕೆ ಇಲ್ಲದಿದ್ದರೆ ಪ್ರವೇಶವಿಲ್ಲ, ಕೆಲಸವಿಲ್ಲ. ಅದಕ್ಕೂ ಮೇಲೆ ದಂಡವಿದೆ.

ಕರ್ನಾಟಕ ಯಾವ ಮೆಟ್ಟಿಲಿನಲ್ಲಿ ನಿಂತಿತ್ತು ಎಂಬುದನ್ನು ನೆನಪಿಸಿಕೊಳ್ಳುವುದು ಉಪಯುಕ್ತ. 2021ರ ಡಿಸೆಂಬರ್ 2ರಂದು ಕೋವಿಡ್‌ನ ಹೊಸ ರೂಪಾಂತರಿ ಓಮಿಕ್ರಾನ್‌ನ ದೇಶದ ಮೊದಲ ಎರಡು ಪ್ರಕರಣಗಳು ನಮ್ಮ ರಾಜ್ಯದಲ್ಲೇ ಪತ್ತೆಯಾದವು. ಮರುದಿನ ಹೊರಬಿದ್ದ ಮಾರ್ಗಸೂಚಿಯಲ್ಲಿ ಮಾಲ್ ಮತ್ತು ಚಿತ್ರಮಂದಿರಗಳಿಗೆ ಎರಡು ಡೋಸ್ ಪಡೆದವರಿಗೆ ಮಾತ್ರ ಪ್ರವೇಶ ಎಂದೂ, ಶಾಲೆ ಕಾಲೇಜಿಗೆ ಹೋಗುವ ಮಕ್ಕಳ ಪೋಷಕರು ಎರಡು ಡೋಸ್ ಪಡೆದಿರಬೇಕು ಎಂದೂ ಹೇಳಲಾಯಿತು. ಯಾರಿಗೂ ದಂಡವಿರಲಿಲ್ಲ, ಯಾರನ್ನೂ ಎಳೆದೊಯ್ಯಲಿಲ್ಲ. ಆದರೂ ಮಗುವಿನ ತರಗತಿಯನ್ನು ತಂದೆತಾಯಿಯ ಲಸಿಕೆಗೆ ಕಟ್ಟಿಹಾಕಿದಾಗ ಅದು ಬರಿಯ ಸಲಹೆಯಾಗಿ ಉಳಿಯುವುದಿಲ್ಲ. ಇಲ್ಲಿ ಒತ್ತಡ ಬೀಳುವುದು ಲಸಿಕೆ ಬೇಡವೆಂದ ವ್ಯಕ್ತಿಯ ಮೇಲಲ್ಲ, ಅವರ ಮಗುವಿನ ಮೇಲೆ. ಪೋಷಕರನ್ನು ಕುರಿತ ಆ ಷರತ್ತು ಆಗಲೇ ಹೆಚ್ಚು ಪ್ರಶ್ನೆಗೆ ಒಳಗಾಗಬೇಕಿತ್ತು ಎಂದು ನನಗೆ ಅನ್ನಿಸುತ್ತದೆ.

ಕೊಡೆ ಮತ್ತು ಹಲಗೆ

ಇಡೀ ಚರ್ಚೆಯ ಕೀಲಿ ಒಂದು ಸರಳ ವ್ಯತ್ಯಾಸದಲ್ಲಿದೆ. ಕೆಲವು ಲಸಿಕೆಗಳು ಕೊಡೆಯಂತೆ, ಕೆಲವು ಕಿಂಡಿ ಅಣೆಕಟ್ಟಿನ ಹಲಗೆಯಂತೆ.

ಕೊಡೆ ಹಿಡಿದವನು ನೆನೆಯುವುದಿಲ್ಲ. ಹಿಡಿಯದವನು ನೆನೆದರೆ ಅದು ಅವನ ಪಾಡು, ಪಕ್ಕದವನಿಗೆ ನಷ್ಟವಿಲ್ಲ. ಧನುರ್ವಾಯುವಿನ ಚುಚ್ಚುಮದ್ದು ಅಂತಹದು. ಧನುರ್ವಾಯುವಿನ ರೋಗಾಣು ಮಣ್ಣಿನಿಂದ ಗಾಯದೊಳಗೆ ಹೋಗುತ್ತದೆಯೇ ಹೊರತು ಒಬ್ಬರಿಂದ ಇನ್ನೊಬ್ಬರಿಗೆ ಹರಡುವುದಿಲ್ಲ. ನಮ್ಮ ಭಾಗಕ್ಕೆ ಇನ್ನೂ ಹತ್ತಿರದ ಉದಾಹರಣೆ ಮಂಗನ ಕಾಯಿಲೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಈ ರೋಗ 1982–83ರ ಸುಮಾರಿಗೆ ಬೆಳ್ತಂಗಡಿ ತಾಲ್ಲೂಕಿನ ನಿಡ್ಲೆ–ಪಟ್ರಮೆ ಭಾಗದಲ್ಲಿ ದೊಡ್ಡದಾಗಿ ಕಾಣಿಸಿಕೊಂಡಿತ್ತು. ಅದು ಹರಡುವುದು ಕಾಡಿನ ಉಣುಗುಗಳ ಕಡಿತದಿಂದ. ರೋಗಿಯ ಪಕ್ಕದಲ್ಲಿ ಕುಳಿತರೆ ಅಂಟುವುದಿಲ್ಲ. 1990ರಿಂದ ಬಳಕೆಯಲ್ಲಿದ್ದ ಅದರ ಲಸಿಕೆಯ ಪರಿಣಾಮವನ್ನು 2005ರಿಂದ 2010ರವರೆಗಿನ ಮಾಹಿತಿಯಿಂದ ಅಳೆದಾಗ, ಎರಡು ಡೋಸ್ ಪಡೆದವರಲ್ಲಿ ಶೇ 62ರಷ್ಟು, ಬೂಸ್ಟರ್ ಕೂಡ ಪಡೆದವರಲ್ಲಿ ಶೇ 83ರಷ್ಟು ರಕ್ಷಣೆ ಕಂಡುಬಂದಿತ್ತು. ಆಮೇಲೆ ಅದರ ಪರಿಣಾಮ ಸಾಲದೆಂದು ಕಂಡು 2022ರಲ್ಲಿ ರಾಜ್ಯದಲ್ಲಿ ಅದರ ಬಳಕೆಯೇ ನಿಂತಿತು. ಕಾಡಂಚಿನ ಊರುಗಳಲ್ಲಿ ಆ ಲಸಿಕೆಯನ್ನು ಹಾಕಿಸಿಕೊಳ್ಳಿ ಎಂದು ಮನೆಮನೆಗೆ ಹೋಗಿ ಹೇಳಿದವರ ಶ್ರಮ ದೊಡ್ಡದು. ಆದರೆ ‘ಹಾಕಿಸಿಕೊಳ್ಳದಿದ್ದರೆ ಬಸ್ಸಿಗೆ ಹತ್ತಬೇಡ’ ಎನ್ನಲು ಅಲ್ಲಿ ಕಾರಣವೇ ಇರಲಿಲ್ಲ, ಏಕೆಂದರೆ ಬಸ್ಸಿನಲ್ಲಿ ಕುಳಿತ ಬೇರೆಯವರಿಗೆ ಅದರಿಂದ ಅಪಾಯವಿಲ್ಲ.

ಕಿಂಡಿ ಅಣೆಕಟ್ಟಿನ ಲೆಕ್ಕ ಬೇರೆ. ಕರಾವಳಿಯ ತೋಡು ಮತ್ತು ಹೊಳೆಗಳಿಗೆ ಅಡ್ಡಲಾಗಿ ಕಟ್ಟಿದ ಈ ಅಣೆಕಟ್ಟುಗಳಿಗೆ ಮಳೆ ನಿಂತ ಮೇಲೆ ಹಲಗೆ ಇಳಿಸುತ್ತಾರೆ. ಸಮುದ್ರಕ್ಕೆ ಸಮೀಪದ ಕಡೆಗಳಲ್ಲಿ ಉಪ್ಪುನೀರು ಒಳಗೆ ನುಗ್ಗದಂತೆ ಅವು ತಡೆಯುತ್ತವೆ. ಹತ್ತು ಕಿಂಡಿಗಳಿಗೆ ಹಲಗೆ ಇಟ್ಟು ಎರಡನ್ನು ತೆರೆದು ಬಿಟ್ಟರೆ, ಹಲಗೆ ಇಟ್ಟವರ ಗದ್ದೆಗೂ ಉಪ್ಪು ಹತ್ತುತ್ತದೆ, ಬಾವಿಯ ನೀರೂ ಕೆಡುತ್ತದೆ. ದಡಾರ, ಗಂಟಲಮಾರಿ, ಪೋಲಿಯೊ ಮುಂತಾದ, ಮನುಷ್ಯರಿಂದ ಮನುಷ್ಯರಿಗೆ ಹರಡುವ ರೋಗಗಳ ವಿರುದ್ಧದ ಲಸಿಕೆಗಳಲ್ಲಿ ಈ ಹಲಗೆಯ ಗುಣವಿದೆ. ಒಬ್ಬೊಬ್ಬರು ಪಡೆದ ಲಸಿಕೆ ಆ ಊರಿನ ಹಸುಗೂಸಿಗೂ, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವ ಅಜ್ಜನಿಗೂ ಅಡ್ಡಗೋಡೆಯಾಗುತ್ತದೆ. ಇದನ್ನು ಸಮೂಹ ರೋಗನಿರೋಧಕ ಶಕ್ತಿ ಎನ್ನುತ್ತಾರೆ.

ಕಡ್ಡಾಯದ ಪರವಾದ ಗಟ್ಟಿ ವಾದ ನಿಂತಿರುವುದು ಈ ಹಲಗೆಯ ಗುಣದ ಮೇಲೆ. ಕೊಡೆಯ ಗುಣದ ಮೇಲೆ ನಿಂತ ಇನ್ನೊಂದು ವಾದವೂ ಇದೆ: ಲಸಿಕೆ ಪಡೆಯದವರು ಹೆಚ್ಚಿನ ಸಂಖ್ಯೆಯಲ್ಲಿ ಒಮ್ಮೆಲೇ ಆಸ್ಪತ್ರೆ ಸೇರಿದರೆ ಹಾಸಿಗೆ, ಆಮ್ಲಜನಕ ಬೇರೆ ರೋಗಿಗಳಿಗೆ ಸಿಗುವುದಿಲ್ಲ ಎಂಬುದು. 2021ರ ಏಪ್ರಿಲ್ ಮತ್ತು ಮೇ ತಿಂಗಳ ಕೋವಿಡ್ ಎರಡನೆಯ ಅಲೆಯನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ಆ ವಾದಕ್ಕೆ ಬಲವಿರುವುದು ಆಸ್ಪತ್ರೆಗಳು ತುಂಬಿ ತುಳುಕುವ ಕಾಲದಲ್ಲಿ ಮಾತ್ರ.

ಶೇ 95 ಎಂಬ ಸಂಖ್ಯೆ ಎಲ್ಲಿಂದ ಬಂತು

ದಡಾರದ ವಿಷಯದಲ್ಲಿ ಶೇ 95ರಷ್ಟು ಮಕ್ಕಳಿಗೆ ಲಸಿಕೆ ಆಗಬೇಕು ಎಂದು ಆರೋಗ್ಯ ಇಲಾಖೆಯವರು ಹೇಳುತ್ತಲೇ ಇರುತ್ತಾರೆ. ಅದು ಹುಟ್ಟುವುದು ಸಣ್ಣದೊಂದು ಲೆಕ್ಕದಿಂದ. ಯಾರಿಗೂ ರಕ್ಷಣೆ ಇಲ್ಲದ ಊರಿನಲ್ಲಿ ದಡಾರ ಬಂದ ಒಂದು ಮಗುವಿನಿಂದ 12ರಿಂದ 18 ಜನರಿಗೆ ಅದು ಹರಡಬಲ್ಲದು. ನಡುವಿನ ಸಂಖ್ಯೆಯಾಗಿ 15 ಎಂದಿಟ್ಟುಕೊಳ್ಳೋಣ. ಆ ಹದಿನೈದರಲ್ಲಿ ಹದಿನಾಲ್ಕು ಜನರಿಗೆ ರಕ್ಷಣೆ ಇದ್ದರೆ ಒಬ್ಬರಿಗೆ ಮಾತ್ರ ಅಂಟುತ್ತದೆ. ಒಬ್ಬರಿಂದ ಒಬ್ಬರಿಗೆ ಮಾತ್ರ ದಾಟುವ ರೋಗ ಬೆಳೆಯುವುದಿಲ್ಲ, ಅದಕ್ಕಿಂತಲೂ ಕಡಿಮೆ ದಾಟಿದರೆ ಆರಿಹೋಗುತ್ತದೆ. ಹದಿನೈದರಲ್ಲಿ ಹದಿನಾಲ್ಕು ಎಂದರೆ ಸುಮಾರು ಶೇ 93. ಎರಡು ಡೋಸ್ ಪಡೆದ ನೂರು ಮಕ್ಕಳಲ್ಲಿ ಸುಮಾರು 97 ಮಕ್ಕಳಿಗೆ ರಕ್ಷಣೆ ಬರುತ್ತದೆಯಾದ್ದರಿಂದ ಗುರಿ ಇನ್ನೂ ಸ್ವಲ್ಪ ಮೇಲೇರಿ ಶೇ 95ರ ಆಸುಪಾಸಿಗೆ ಬರುತ್ತದೆ.

ಜಿಲ್ಲೆಯ ಸರಾಸರಿ ಶೇ 95 ಇದ್ದರೂ, ಲಸಿಕೆ ಪಡೆಯದ ಮಕ್ಕಳೆಲ್ಲ ಒಂದೇ ಬಡಾವಣೆಯಲ್ಲಿ ಅಥವಾ ಒಂದೇ ಶಾಲೆಯಲ್ಲಿದ್ದರೆ ಅಲ್ಲಿನ ಕಿಂಡಿ ತೆರೆದೇ ಇರುತ್ತದೆ. ದಡಾರ ಕಾಣಿಸಿಕೊಂಡಾಗ ಅದು ಜಿಲ್ಲೆಯ ಎಲ್ಲೆಡೆ ಸಮನಾಗಿ ಬಾರದೆ ಒಂದೊಂದು ಕೇರಿಯಲ್ಲಿ ಗುಂಪಾಗಿ ಬರುವುದು ಇದೇ ಕಾರಣಕ್ಕೆ.

ಇಂತಹ ರೋಗಕ್ಕಾದರೂ ಭಾರತದಲ್ಲಿ ಲಸಿಕೆ ಕಡ್ಡಾಯವೇ? ಮಕ್ಕಳ ಲಸಿಕೆಯನ್ನು ಕಡ್ಡಾಯಗೊಳಿಸುವ ರಾಷ್ಟ್ರವ್ಯಾಪಿ ಕಾನೂನು ನಮ್ಮಲ್ಲಿಲ್ಲ. ಬ್ರಿಟಿಷರ ಕಾಲದಲ್ಲಿ ಇತ್ತು. 1880ರ ಲಸಿಕೆ ಕಾಯ್ದೆ ಆಯ್ದ ಪುರಸಭೆ ಮತ್ತು ದಂಡುಪ್ರದೇಶಗಳಲ್ಲಿ ಮಕ್ಕಳಿಗೆ ಸಿಡುಬಿನ ಲಸಿಕೆಯನ್ನು, ಅಂದರೆ ಹಿರಿಯರು ‘ಮೈಲಿ ಹಾಕಿಸುವುದು’ ಎನ್ನುತ್ತಿದ್ದುದನ್ನು, ಕಡ್ಡಾಯಗೊಳಿಸಿತ್ತು. ಪೋಲಿಯೊ ವಿಷಯದಲ್ಲಿ ದೇಶ ಹಿಡಿದದ್ದು ಬೇರೆ ದಾರಿ. 1995ರಲ್ಲಿ ಆರಂಭವಾದ ಪಲ್ಸ್ ಪೋಲಿಯೊ ಯಾರನ್ನೂ ದಂಡಿಸಲಿಲ್ಲ. ಬೂತ್ ಹಾಕಿತು, ಬಸ್ ನಿಲ್ದಾಣದಲ್ಲಿ ನಿಂತಿತು, ಬಿಟ್ಟುಹೋದ ಮನೆಗಳಿಗೆ ಮತ್ತೆ ಮತ್ತೆ ಹೋಯಿತು. ದೇಶದ ಕೊನೆಯ ಪ್ರಕರಣ 2011ರ ಜನವರಿಯಲ್ಲಿ ಪಶ್ಚಿಮ ಬಂಗಾಳದ ಹೌರಾದಲ್ಲಿ ಕಂಡಿತು, 2014ರ ಮಾರ್ಚ್‌ನಲ್ಲಿ ಭಾರತ ಪೋಲಿಯೊ ಮುಕ್ತವೆಂದು ಘೋಷಣೆಯಾಯಿತು. ಕಡ್ಡಾಯವಿಲ್ಲದೆ ಆಗುವುದಿಲ್ಲ ಎನ್ನುವವರ ಮುಂದೆ ಇಡಬಹುದಾದ ದೊಡ್ಡ ಉದಾಹರಣೆ ಇದು. ಬೇರೆ ದೇಶಗಳ ಅನುಭವ ಬೇರೆಯಾಗಿದೆ. ದಡಾರ ಮರಳಿ ತಲೆಯೆತ್ತಿದಾಗ ಇಟಲಿ 2017ರಲ್ಲಿ ಮಕ್ಕಳಿಗೆ ಹತ್ತು ಲಸಿಕೆಗಳನ್ನು ಕಡ್ಡಾಯ ಮಾಡಿತು, ಫ್ರಾನ್ಸ್ 2018ರಿಂದ ಹನ್ನೊಂದನ್ನು.

ಕೋವಿಡ್ ಲಸಿಕೆ: ಸಡಿಲಗೊಂಡ ಹಲಗೆ

ಕೋವಿಡ್ ಲಸಿಕೆ ಕೊಡೆಯೋ ಹಲಗೆಯೋ ಎಂಬ ಪ್ರಶ್ನೆಗೆ ಉತ್ತರವು ಕಾಲದೊಂದಿಗೆ ಬದಲಾಯಿತು. ಜನರ ಗೊಂದಲದ ಬೇರು ಇಲ್ಲಿದೆ. ಭಾರತದಲ್ಲಿ ಲಸಿಕೆ ಆರಂಭವಾದದ್ದು 2021ರ ಜನವರಿ 16ರಂದು. ಮೊದಮೊದಲು ಲಸಿಕೆ ಪಡೆದವರಿಗೆ ಸೋಂಕು ತಗಲುವುದೂ, ಅವರಿಂದ ಹರಡುವುದೂ ಸಾಕಷ್ಟು ಕಡಿಮೆಯೆಂದು ಕಂಡಿತು. ಆಗ ಅದು ಹಲಗೆಯೂ ಹೌದು, ಕೊಡೆಯೂ ಹೌದು. ಡೆಲ್ಟಾ ರೂಪಾಂತರಿ ಬಂದಾಗ ಹಲಗೆಗಳ ನಡುವೆ ನೀರು ಜಿನುಗಿತು. ಓಮಿಕ್ರಾನ್ ಬಂದಾಗ ಎರಡು ಡೋಸ್ ಪಡೆದವರಿಗೂ ಸೋಂಕು ತಗಲಿತು, ಅವರಿಂದ ಇತರರಿಗೂ ಹರಡಿತು. ಆದರೆ ಕೊಡೆ ಹರಿಯಲಿಲ್ಲ: ತೀವ್ರ ಕಾಯಿಲೆ ಮತ್ತು ಸಾವಿನಿಂದ ಲಸಿಕೆ ಕೊಡುತ್ತಿದ್ದ ರಕ್ಷಣೆ ಮುಂದುವರಿಯಿತು.

‘ಲಸಿಕೆ ಹಾಕಿಸಿಕೊಂಡರೂ ಕೋವಿಡ್ ಬಂತಲ್ಲ, ಹಾಗಾದರೆ ಲಸಿಕೆ ವ್ಯರ್ಥ’ ಎಂದವರೂ, ‘ಲಸಿಕೆ ಜೀವ ಉಳಿಸುತ್ತದೆ, ಆದ್ದರಿಂದ ಹಾಕಿಸಿಕೊಳ್ಳದವರನ್ನು ಹೊರಗಿಡಿ’ ಎಂದವರೂ ಒಂದೇ ತಪ್ಪನ್ನು ಎರಡು ದಿಕ್ಕಿನಿಂದ ಮಾಡಿದರು. ಮೊದಲನೆಯವರು ಹಲಗೆ ಸೋರಿದ್ದನ್ನು ಕಂಡು ಕೊಡೆಯನ್ನೂ ಎಸೆದರು. ಎರಡನೆಯವರು ಕೊಡೆಯ ಗುಣವನ್ನು ತೋರಿಸಿ ಹಲಗೆಗೆ ಮಾತ್ರ ಸಲ್ಲುವ ನಿಯಮವನ್ನು ಕೇಳಿದರು.

ತಲಪಾಡಿಯ ಪಾಠ: ಪ್ರಮಾಣಪತ್ರ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಮಂಗಳೂರಿಗೂ ಕಾಸರಗೋಡಿಗೂ ನಡುವೆ ದಿನವೂ ಓಡಾಡುವವರಿಗೆ ತಲಪಾಡಿ ಚೆಕ್‌ಪೋಸ್ಟಿನ ಆ ದಿನಗಳು ಮರೆತಿರಲಾರವು. ಕೆಲಸ, ಕಾಲೇಜು, ಆಸ್ಪತ್ರೆ, ನೆಂಟರ ಮನೆ, ಎಲ್ಲವೂ ಗಡಿಯ ಆಚೆಈಚೆ ಹಂಚಿಹೋಗಿರುವ ಜನ ಅವರು. 2021ರ ಜುಲೈ ಕೊನೆಯಲ್ಲಿ ಕೇರಳದಲ್ಲಿ ಪ್ರಕರಣಗಳು ಏರಿದಾಗ, ಅಲ್ಲಿಂದ ಬರುವವರು ಲಸಿಕೆ ಪಡೆದಿದ್ದರೂ 72 ಗಂಟೆಯೊಳಗಿನ ಆರ್‌ಟಿ–ಪಿಸಿಆರ್ ನೆಗೆಟಿವ್ ವರದಿ ತೋರಿಸಬೇಕು ಎಂದು ಕರ್ನಾಟಕ ಆದೇಶಿಸಿತು. ಎರಡು ಡೋಸ್ ಪಡೆದ ಮೇಲೂ ಇದೇಕೆ ಎಂದು ಅನೇಕರು ಕೇಳಿದರು. ಲಸಿಕೆಯ ಪ್ರಮಾಣಪತ್ರ ಹೇಳುವುದು ಹಿಂದೆ ನಡೆದ ಒಂದು ಘಟನೆಯನ್ನು, ಅಂದರೆ ಇಂತಹ ದಿನ ಇಂತಹ ಲಸಿಕೆ ಹಾಕಲಾಗಿದೆ ಎಂಬುದನ್ನು. ಪರೀಕ್ಷೆಯ ವರದಿ ಹೇಳುವುದು ಮಾದರಿ ಕೊಟ್ಟ ಹೊತ್ತಿನಲ್ಲಿ ಮೈಯಲ್ಲಿ ವೈರಾಣು ಸಿಕ್ಕಿತೋ ಇಲ್ಲವೋ ಎಂಬುದನ್ನು. ಮೊದಲನೆಯದು ವಾಹನ ಚಾಲನೆಯ ಪರವಾನಗಿಯಂತೆ, ಎರಡನೆಯದು ರಸ್ತೆಬದಿಯಲ್ಲಿ ಚಾಲಕನಿಗೆ ಮಾಡುವ ಮದ್ಯದ ಪರೀಕ್ಷೆಯಂತೆ. ಒಂದು ಇನ್ನೊಂದರ ಕೆಲಸ ಮಾಡಲಾರದು. ಮೂರು ದಿನದ ಹಿಂದಿನ ವರದಿಯೂ ಗಡಿ ದಾಟುವ ಹೊತ್ತಿಗೆ ಸ್ವಲ್ಪ ಹಳತಾಗಿರುತ್ತದೆ ಎಂಬುದು ಬೇರೆ ಮಾತು.

ಇನ್ನು ಪ್ರಮಾಣಪತ್ರದ ಸಾಚಾತನ. ಸರ್ಕಾರದ ಕೋವಿಡ್ ಲಸಿಕೆ ಜಾಲತಾಣವಾದ ಕೋವಿನ್ ಕೊಡುವ ಪ್ರಮಾಣಪತ್ರದಲ್ಲಿ ಕಾಣುವ ಕ್ಯೂಆರ್ ಕೋಡ್ ಬರಿಯ ಅಲಂಕಾರವಲ್ಲ. ಅದರಲ್ಲಿ ಹೆಸರು, ಲಸಿಕೆ, ದಿನಾಂಕಗಳ ಜೊತೆಗೆ ಡಿಜಿಟಲ್ ಸಹಿ ಅಡಗಿರುತ್ತದೆ. ಹಿಂದೆ ಪತ್ರವನ್ನು ಅರಗಿನ ಮುದ್ರೆ ಒತ್ತಿ ಕಳಿಸುತ್ತಿದ್ದರು. ಯಾರಾದರೂ ನಡುವೆ ಒಂದಕ್ಷರ ತಿದ್ದಬೇಕಾದರೆ ಮುದ್ರೆ ಒಡೆಯಲೇಬೇಕಿತ್ತು. ಡಿಜಿಟಲ್ ಸಹಿ ಮಾಡುವುದೂ ಅದನ್ನೇ. ಮುದ್ರಿತ ಕಾಗದದಲ್ಲಿ ಹೆಸರು ತಿದ್ದಿದರೂ ಸ್ಕ್ಯಾನ್ ಮಾಡಿದಾಗ ಮೂಲ ಹೆಸರೇ ಬರುತ್ತದೆ. ಆದ್ದರಿಂದ ಬಾಗಿಲಲ್ಲಿ ನಿಂತವರು ಕೋಡ್ ಸ್ಕ್ಯಾನ್ ಮಾಡದೆ ಮೊಬೈಲಿನ ಚಿತ್ರವನ್ನಷ್ಟೇ ನೋಡಿ ಒಳಗೆ ಬಿಟ್ಟರೆ ಆ ತಪಾಸಣೆಗೆ ಅರ್ಥವಿಲ್ಲ. ಸ್ಕ್ಯಾನ್ ಮಾಡಿದರೆ ಇನ್ನೊಂದು ಪ್ರಶ್ನೆ ಏಳುತ್ತದೆ: ಚಿತ್ರಮಂದಿರದ ಬಾಗಿಲು ಕಾಯುವವರಿಗೆ ನನ್ನ ವಯಸ್ಸು ಮತ್ತು ಆರೋಗ್ಯದ ವಿವರ ತಿಳಿಯಬೇಕೇ? ಅವರಿಗೆ ಬೇಕಾದದ್ದು ‘ಹೌದು’ ಅಥವಾ ‘ಇಲ್ಲ’ ಎಂಬ ಒಂದೇ ಪದ. ಕೇಳುವವರಿಗೆ ಎಷ್ಟು ಬೇಕೋ ಅಷ್ಟೇ ಮಾಹಿತಿ ದಾಟಬೇಕು ಎಂಬುದು ಖಾಸಗಿತನದ ಪರ ಮಾತನಾಡುವವರ ಮುಖ್ಯ ಬೇಡಿಕೆ.

ನ್ಯಾಯಾಲಯಗಳು ಎಲ್ಲಿ ಗೆರೆ ಎಳೆದವು

ಅಮೆರಿಕದಲ್ಲಿ ಈ ಪ್ರಶ್ನೆ ಅಲ್ಲಿನ ಸುಪ್ರೀಂ ಕೋರ್ಟನ್ನು ತಲುಪಿ 1905ರಲ್ಲಿ ತೀರ್ಮಾನವಾಯಿತು. ಮ್ಯಾಸಚೂಸೆಟ್ಸ್ ರಾಜ್ಯದ ಕೇಂಬ್ರಿಜ್ ನಗರದಲ್ಲಿ ಸಿಡುಬು ಹರಡಿದಾಗ ಲಸಿಕೆ ನಿರಾಕರಿಸಿದ ಜೇಕಬ್‌ಸನ್ ಎಂಬ ಪಾದ್ರಿಗೆ 5 ಡಾಲರ್ ದಂಡ ಬಿತ್ತು. ನ್ಯಾಯಾಲಯ ದಂಡವನ್ನು ಎತ್ತಿಹಿಡಿಯಿತು, ಆದರೆ ಈ ಅಧಿಕಾರವನ್ನು ಮನಬಂದಂತೆ ಬಳಸುವಂತಿಲ್ಲ ಎಂಬ ಎಚ್ಚರಿಕೆಯನ್ನೂ ಕೊಟ್ಟಿತು. ಬ್ರಿಟನ್ನಿನಲ್ಲಿ ಇದಕ್ಕೂ ಮೊದಲೇ, 1853ರಲ್ಲಿ, ಶಿಶುಗಳಿಗೆ ಸಿಡುಬಿನ ಲಸಿಕೆ ಕಡ್ಡಾಯವಾಗಿತ್ತು. 1885ರಲ್ಲಿ ಲೆಸ್ಟರ್ ನಗರದಲ್ಲಿ ಅದರ ವಿರುದ್ಧ ಭಾರಿ ಮೆರವಣಿಗೆ ನಡೆಯಿತು. ಕೊನೆಗೆ 1898ರಲ್ಲಿ ಮನಸ್ಸಾಕ್ಷಿಯ ಕಾರಣದಿಂದ ಒಪ್ಪದ ತಂದೆತಾಯಿಗೆ ವಿನಾಯಿತಿ ಕೊಡಲಾಯಿತು.

ನಮ್ಮ ದೇಶದಲ್ಲಿ ದಡಾರ–ರುಬೆಲ್ಲಾ ಅಭಿಯಾನ ನಡೆದಾಗ ಈ ಚರ್ಚೆ ಶಾಲೆಗಳಿಗೆ ಬಂತು. 2017ರ ಫೆಬ್ರುವರಿಯಲ್ಲಿ ಕರ್ನಾಟಕವೂ ಸೇರಿ ಐದು ಕಡೆಗಳಲ್ಲಿ ಮೊದಲು ಆರಂಭವಾದ ಆ ಅಭಿಯಾನದಲ್ಲಿ 9 ತಿಂಗಳಿಂದ 15 ವರ್ಷದೊಳಗಿನ ಮಕ್ಕಳಿಗೆ ಲಸಿಕೆ ಕೊಡಲಾಯಿತು. ದೆಹಲಿಯಲ್ಲಿ ಅದು ನಡೆಯಬೇಕಿದ್ದಾಗ, 2019ರ ಜನವರಿಯಲ್ಲಿ ದೆಹಲಿ ಹೈಕೋರ್ಟ್ ಪೋಷಕರ ಒಪ್ಪಿಗೆಯಿಲ್ಲದೆ ಬಲವಂತವಾಗಿ ಲಸಿಕೆ ಹಾಕುವಂತಿಲ್ಲ ಎಂದಿತು. ಕೋವಿಡ್ ಕಾಲದಲ್ಲಿ, 2021ರ ಜೂನ್‌ನಲ್ಲಿ, ಮೇಘಾಲಯ ಹೈಕೋರ್ಟ್ ಅಂಗಡಿಯವರ, ಟ್ಯಾಕ್ಸಿಯವರ ದುಡಿಮೆಯ ಹಕ್ಕನ್ನು ಲಸಿಕೆಗೆ ಕಟ್ಟಿಹಾಕುವುದನ್ನು ಒಪ್ಪಲಿಲ್ಲ. ಬದಲಿಗೆ, ಸಿಬ್ಬಂದಿ ಲಸಿಕೆ ಪಡೆದಿದ್ದಾರೋ ಇಲ್ಲವೋ ಎಂಬ ಫಲಕವನ್ನು ಎದುರಿಗೆ ಹಾಕಿ, ಒಳಗೆ ಹೋಗಬೇಕೋ ಬೇಡವೋ ಎಂಬುದನ್ನು ಗ್ರಾಹಕರೇ ನಿರ್ಧರಿಸಲಿ ಎಂಬ ಹಾದಿ ತೋರಿಸಿತು.

ಇಡೀ ದೇಶಕ್ಕೆ ಅನ್ವಯವಾಗುವ ತೀರ್ಪು ಬಂದದ್ದು 2022ರ ಮೇ 2ರಂದು. ಜೇಕಬ್ ಪುಲಿಯೆಲ್ ಎಂಬ ಮಕ್ಕಳ ವೈದ್ಯರು ಹೂಡಿದ್ದ ಮೊಕದ್ದಮೆಯಲ್ಲಿ ನ್ಯಾಯಮೂರ್ತಿ ಎಲ್. ನಾಗೇಶ್ವರ ರಾವ್ ಮತ್ತು ಬಿ.ಆರ್. ಗವಾಯಿ ಅವರ ಪೀಠ ಹೇಳಿದ್ದನ್ನು ಎರಡು ಭಾಗವಾಗಿ ಓದಬೇಕು. ಸಂವಿಧಾನದ 21ನೇ ವಿಧಿ ಕೊಡುವ ಜೀವಿಸುವ ಹಕ್ಕಿನಲ್ಲಿ ಸ್ವಂತ ದೇಹದ ಮೇಲಿನ ಹಕ್ಕು ಸೇರಿದೆ, ಆದ್ದರಿಂದ ಯಾರಿಗೂ ಬಲವಂತವಾಗಿ ಲಸಿಕೆ ಹಾಕುವಂತಿಲ್ಲ ಎಂಬುದು ಮೊದಲ ಭಾಗ. ಸಮುದಾಯದ ಆರೋಗ್ಯಕ್ಕಾಗಿ ಸರ್ಕಾರ ವ್ಯಕ್ತಿಯ ಹಕ್ಕುಗಳಿಗೆ ಮಿತಿ ಹಾಕಬಹುದು, ಆದರೆ ಆ ಮಿತಿ ಮೂರು ಪರೀಕ್ಷೆಗಳಲ್ಲಿ ಗೆಲ್ಲಬೇಕು ಎಂಬುದು ಎರಡನೆಯದು. ಈ ಪರೀಕ್ಷೆಗಳು ಬಂದದ್ದು 2017ರ ಖಾಸಗಿತನದ ತೀರ್ಪಿನಿಂದ. ಆ ಮೊಕದ್ದಮೆಯನ್ನು ಹೂಡಿದ್ದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಮಿತಿಗೆ ಕಾನೂನಿನ ಆಧಾರವಿರಬೇಕು, ಅದರ ಉದ್ದೇಶ ನ್ಯಾಯವಾಗಿರಬೇಕು, ಮತ್ತು ಆ ಉದ್ದೇಶಕ್ಕೆ ಬೇಕಾದದ್ದಕ್ಕಿಂತ ಹೆಚ್ಚಿನ ಬಿಗಿ ಇರಬಾರದು. ನೆಗಡಿ ಬಂತೆಂದು ಮೂಗು ಕೊಯ್ಯಬಾರದು ಎಂಬುದೇ ಆ ಮೂರನೆಯ ಪರೀಕ್ಷೆ.

ಸೋಂಕು ಕಡಿಮೆಯಿದ್ದ ಆ ಹೊತ್ತಿನಲ್ಲಿ, ಲಸಿಕೆ ಪಡೆಯದವರಿಂದ ಪಡೆದವರಿಗಿಂತ ಹೆಚ್ಚು ಸೋಂಕು ಹರಡುತ್ತದೆ ಎಂದು ತೋರಿಸುವ ಮಾಹಿತಿಯನ್ನು ಸರ್ಕಾರಗಳು ಮುಂದಿಡಲಿಲ್ಲ, ಆದ್ದರಿಂದ ಪ್ರವೇಶ ನಿರ್ಬಂಧಗಳು ಪ್ರಮಾಣ ಮೀರಿದವು ಎಂದು ಪೀಠ ಅಭಿಪ್ರಾಯಪಟ್ಟಿತು. ಖಾಸಗಿ ಸಂಸ್ಥೆಗಳೂ ಶಿಕ್ಷಣ ಸಂಸ್ಥೆಗಳೂ ತಮ್ಮ ನಿಯಮಗಳನ್ನು ಮರುಪರಿಶೀಲಿಸಲಿ ಎಂದು ಸೂಚಿಸಿತು. ಲಸಿಕೆಯು ತೀವ್ರ ಕಾಯಿಲೆಯನ್ನು ತಡೆಯುತ್ತದೆ ಎಂಬ ತಜ್ಞರ ಮಾತನ್ನು ಅದೇ ತೀರ್ಪು ಒಪ್ಪಿತು, ಸರ್ಕಾರದ ಲಸಿಕೆ ನೀತಿ ಅಸಮಂಜಸವಲ್ಲ ಎಂದಿತು. ಲಸಿಕೆಯ ಅಡ್ಡಪರಿಣಾಮಗಳ ವರದಿಯನ್ನು ಜನರೇ ದಾಖಲಿಸುವ, ಎಲ್ಲರೂ ನೋಡಬಹುದಾದ ವ್ಯವಸ್ಥೆ ಮಾಡುವಂತೆಯೂ ನಿರ್ದೇಶಿಸಿತು. ಕೊಡೆಯನ್ನು ಹೊಗಳಿ, ಹಲಗೆಯ ನಿಯಮವನ್ನು ತಡೆದ ತೀರ್ಪು ಇದು ಎಂದು ಓದಿದರೆ ಅದರ ಎರಡು ಭಾಗಗಳು ಒಂದಕ್ಕೊಂದು ಹೊಂದುತ್ತವೆ. ಹೊಸ ರೋಗ ಬಂದರೆ, ಹರಡುವುದನ್ನು ನಿಜವಾಗಿ ತಡೆಯುವ ಲಸಿಕೆ ಸಿಕ್ಕರೆ, ಲೆಕ್ಕ ಬದಲಾಗಬಹುದು. ತೀರ್ಪು ಆ ಬಾಗಿಲನ್ನು ಮುಚ್ಚಿಲ್ಲ.

ಆಸ್ಟ್ರಿಯಾದ ಅನುಭವವನ್ನೂ ಇದರ ಪಕ್ಕದಲ್ಲಿಡಬಹುದು. ವಯಸ್ಕರೆಲ್ಲರಿಗೂ ಕೋವಿಡ್ ಲಸಿಕೆ ಕಡ್ಡಾಯವೆಂದು 2022ರ ಫೆಬ್ರುವರಿಯಲ್ಲಿ ಅದು ಕಾನೂನು ತಂದಿತು, ಮಾರ್ಚ್‌ನಲ್ಲೇ ತಡೆಹಿಡಿಯಿತು, ಕೆಲವು ತಿಂಗಳಲ್ಲಿ ಹಿಂತೆಗೆದುಕೊಂಡಿತು. ಕಾನೂನು ಬರೆಯುವಾಗ ಇದ್ದ ವೈರಾಣು ಬೇರೆ, ಜಾರಿಯಾಗುವಾಗ ಇದ್ದದ್ದು ಬೇರೆ.

ವಿದೇಶಕ್ಕೆ ಹೋಗುವವರಿಗೆ ಬೇರೆ ಲೆಕ್ಕ

ಕೊಲ್ಲಿ ದೇಶಗಳಿಗೂ ಆಫ್ರಿಕಕ್ಕೂ ಹಡಗಿಗೂ ಮಕ್ಕಳನ್ನು ಕಳಿಸಿದ ಕರಾವಳಿಯ ಕುಟುಂಬಗಳಿಗೆ ಲಸಿಕೆಯ ಪ್ರಮಾಣಪತ್ರ ಹೊಸತಲ್ಲ. ನಮ್ಮ ಸಂವಿಧಾನ ಕೊಡುವ ರಕ್ಷಣೆ ಇನ್ನೊಂದು ದೇಶದ ವಿಮಾನ ನಿಲ್ದಾಣದಲ್ಲಿ ಕೆಲಸಕ್ಕೆ ಬರುವುದಿಲ್ಲ. ಯಾರನ್ನು ಒಳಗೆ ಬಿಡಬೇಕು ಎಂಬುದು ಆಯಾ ದೇಶದ ನಿರ್ಧಾರ.

ಹಳದಿ ಜ್ವರದ ಪ್ರಮಾಣಪತ್ರ ಇವುಗಳಲ್ಲಿ ಹೆಚ್ಚು ವ್ಯವಸ್ಥಿತವಾದದ್ದು. ಅಂತರರಾಷ್ಟ್ರೀಯ ಆರೋಗ್ಯ ನಿಯಮಾವಳಿಯ ಅಡಿಯಲ್ಲಿ ಅದನ್ನು ಕೇಳಲಾಗುತ್ತದೆ. ಲಸಿಕೆ ಪಡೆದ ಹತ್ತು ದಿನಗಳ ಮೇಲೆ ಅದು ಸಿಂಧುವಾಗುತ್ತದೆ, ಮತ್ತು 2016ರ ಜುಲೈನಿಂದ ಜೀವನಪರ್ಯಂತ ಸಿಂಧು. ಈ ವಿಷಯದಲ್ಲಿ ಭಾರತ ತಾನೇ ಕಟ್ಟುನಿಟ್ಟು: ಹಳದಿ ಜ್ವರವಿರುವ ದೇಶಗಳಿಂದ ಪ್ರಮಾಣಪತ್ರವಿಲ್ಲದೆ ಬಂದವರನ್ನು ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಇಷ್ಟು ಬಿಗಿ ಏಕೆ ಎಂಬುದು ಮಂಗಳೂರಿನವರಿಗೆ ಸುಲಭವಾಗಿ ಅರ್ಥವಾಗುತ್ತದೆ. ಹಳದಿ ಜ್ವರವನ್ನು ಹರಡುವುದು ಡೆಂಗಿ ಹರಡುವ ಅದೇ ಈಡಿಸ್ ಸೊಳ್ಳೆ. 2019ರಲ್ಲಿ ಡೆಂಗಿಯಿಂದ ನಗರ ಪಟ್ಟ ಪಾಡು ಗೊತ್ತೇ ಇದೆ. ನಮ್ಮಲ್ಲಿ ಸೊಳ್ಳೆಯಿದೆ, ಮಳೆಯಿದೆ, ರೋಗ ಹೊತ್ತ ಒಬ್ಬ ಪ್ರಯಾಣಿಕ ಮಾತ್ರ ಇಲ್ಲ. ಇಲ್ಲಿ ಪ್ರಮಾಣಪತ್ರ ಹಲಗೆಯ ಕೆಲಸವನ್ನೇ ಮಾಡುತ್ತದೆ.

ಹಜ್ ಮತ್ತು ಉಮ್ರಾ ಯಾತ್ರಿಕರಿಗೆ ಸೌದಿ ಅರೇಬಿಯಾ ಮಿದುಳು ಪೊರೆಯ ಉರಿಯೂತದ, ಅಂದರೆ ಮೆನಿಂಜೈಟಿಸ್‌ನ, ಲಸಿಕೆಯನ್ನು ಕಡ್ಡಾಯ ಮಾಡಿದೆ. ಲಕ್ಷಾಂತರ ಜನ ಹೆಗಲಿಗೆ ಹೆಗಲು ತಾಗಿಸಿ ದಿನಗಟ್ಟಲೆ ಇರುವ ಜಾಗದಲ್ಲಿ ಉಸಿರಿನಿಂದ ಹರಡುವ ಕಾಯಿಲೆ ಎಷ್ಟು ವೇಗವಾಗಿ ಹಬ್ಬಬಹುದು ಎಂಬುದು ಅದರ ಹಿಂದಿನ ಕಾರಣ.

ಕೋವಿಡ್ ಕಾಲದಲ್ಲಿ ಮಾತ್ರ ಈ ವ್ಯವಸ್ಥೆ ತೊಡಕಾಯಿತು, ಏಕೆಂದರೆ ಯಾವ ಲಸಿಕೆಯನ್ನು ಒಪ್ಪಬೇಕು ಎಂಬುದರಲ್ಲೇ ದೇಶಗಳ ನಡುವೆ ಒಮ್ಮತವಿರಲಿಲ್ಲ. ಕೊವ್ಯಾಕ್ಸಿನ್ ಪಡೆದವರು ವಿಶ್ವ ಆರೋಗ್ಯ ಸಂಸ್ಥೆ 2021ರ ನವೆಂಬರ್ 3ರಂದು ಅದನ್ನು ತನ್ನ ತುರ್ತು ಬಳಕೆಯ ಪಟ್ಟಿಗೆ ಸೇರಿಸುವವರೆಗೆ ಅನೇಕ ದೇಶಗಳ ಬಾಗಿಲಲ್ಲಿ ಲಸಿಕೆ ಪಡೆಯದವರಂತೆಯೇ ಆಗಿದ್ದರು. ಕೋವಿಶೀಲ್ಡ್ ಪಡೆದವರಿಗೆ ಇನ್ನೊಂದು ತೊಂದರೆ: ಎರಡು ಡೋಸ್‌ಗಳ ಅಂತರ 12ರಿಂದ 16 ವಾರಕ್ಕೆ ಏರಿದಾಗ ವೀಸಾದ ಅವಧಿ ಮುಗಿಯುತ್ತಿದ್ದವರು ಸಿಕ್ಕಿಬಿದ್ದರು. ಓದು ಮತ್ತು ಉದ್ಯೋಗಕ್ಕೆ ವಿದೇಶಕ್ಕೆ ಹೋಗುವವರಿಗೆ 28 ದಿನಗಳ ಮೇಲೆ ಎರಡನೆಯ ಡೋಸ್ ಕೊಟ್ಟು, ಪ್ರಮಾಣಪತ್ರದಲ್ಲಿ ಪಾಸ್‌ಪೋರ್ಟ್ ಸಂಖ್ಯೆ ನಮೂದಿಸಲು 2021ರ ಜೂನ್‌ನಲ್ಲಿ ಅವಕಾಶವಾಯಿತು. ವೈದ್ಯಕೀಯ ಕಾರಣಕ್ಕೆ ನಿಗದಿಯಾದ ಅಂತರವನ್ನು ಕಾಗದದ ಕಾರಣಕ್ಕೆ ಬದಲಿಸಬೇಕಾಗಿ ಬಂದದ್ದು ಪ್ರಮಾಣಪತ್ರಕ್ಕೆ ಎಷ್ಟು ಶಕ್ತಿಯಿದೆ ಎಂಬುದನ್ನು ತೋರಿಸುತ್ತದೆ.

ಬೇಡ ಎನ್ನುವವರು ಏನು ಹೇಳುತ್ತಾರೆ

ಕಡ್ಡಾಯವನ್ನು ವಿರೋಧಿಸುವವರೆಲ್ಲ ಒಂದೇ ಮಾತು ಹೇಳುವುದಿಲ್ಲ. ನನ್ನ ದೇಹ, ನನ್ನ ನಿರ್ಧಾರ ಎಂಬುದು ಒಂದು ವಾದ. ಒತ್ತಾಯ ಮಾಡಿದರೆ ಸಂಶಯ ಇನ್ನಷ್ಟು ಬೆಳೆಯುತ್ತದೆ, ಮುಂದೆ ಮಕ್ಕಳ ಲಸಿಕೆಗೂ ಅದರ ಬಿಸಿ ತಟ್ಟುತ್ತದೆ ಎಂಬುದು ಇನ್ನೊಂದು, ಮತ್ತು ಅನೇಕ ಸಾರ್ವಜನಿಕ ಆರೋಗ್ಯ ತಜ್ಞರೇ ಇದನ್ನು ಹೇಳುತ್ತಾರೆ. ಸ್ಮಾರ್ಟ್‌ಫೋನ್ ಇಲ್ಲದ, ದಾಖಲೆ ಸರಿಯಿಲ್ಲದ ಕೂಲಿಕಾರರು ಲಸಿಕೆ ಪಡೆದಿದ್ದರೂ ಸಾಕ್ಷಿ ತೋರಿಸಲಾಗದೆ ಹೊರಗುಳಿಯುತ್ತಾರೆ ಎಂಬುದು ಮೂರನೆಯದು.

ಅಡ್ಡಪರಿಣಾಮದ ಭಯವನ್ನು ಗಂಭೀರವಾಗಿಯೇ ನೋಡಬೇಕು. ಆಸ್ಟ್ರಾಜೆನೆಕಾ ಲಸಿಕೆಯಿಂದ, ಅಂದರೆ ನಮ್ಮ ಕೋವಿಶೀಲ್ಡ್‌ನ ಮೂಲ ಲಸಿಕೆಯಿಂದ, ತೀರಾ ಅಪರೂಪಕ್ಕೆ ರಕ್ತ ಹೆಪ್ಪುಗಟ್ಟುವ ತೊಂದರೆ ಆಗುತ್ತದೆ ಎಂಬುದು 2021ರಲ್ಲೇ ತಿಳಿದಿತ್ತು. ಆ ಕಾರಣಕ್ಕೆ ಬ್ರಿಟನ್ ಮೊದಲು 30ರೊಳಗಿನವರಿಗೆ, ಬಳಿಕ 40ರೊಳಗಿನವರಿಗೆ ಬೇರೆ ಲಸಿಕೆಯನ್ನು ಕೊಡಲಾರಂಭಿಸಿತು. ಎಪ್ಪತ್ತರ ಅಜ್ಜಿಗೆ ಕೋವಿಡ್‌ನಿಂದಾಗುವ ಅಪಾಯ ದೊಡ್ಡದಾದ್ದರಿಂದ ಲಸಿಕೆಯ ಲಾಭ ಹಲವು ಪಟ್ಟು ಹೆಚ್ಚು, ಇಪ್ಪತ್ತರ ಹುಡುಗನಲ್ಲಿ ಆ ಅಂತರ ಕಿರಿದು. ಎಲ್ಲರಿಗೂ ಒಂದೇ ನಿಯಮ ಮಾಡುವವರು ಎದುರಿಸಬೇಕಾದ ಪ್ರಶ್ನೆ ಇದು. ಇದಕ್ಕಿಂತ ಬೇರೆಯದು ಯುವಕರ ಹಠಾತ್ ಸಾವಿಗೆ ಲಸಿಕೆಯೇ ಕಾರಣ ಎಂಬ ಮಾತು. 2025ರಲ್ಲಿ ಹಾಸನ ಜಿಲ್ಲೆಯ ಹೃದಯಾಘಾತಗಳ ಸುದ್ದಿಯೊಂದಿಗೆ ಅದು ಮತ್ತೆ ಹಬ್ಬಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2023ರಲ್ಲಿ 47 ಆಸ್ಪತ್ರೆಗಳ ಮೂಲಕ ನಡೆಸಿದ ಅಧ್ಯಯನದಲ್ಲಿ 18ರಿಂದ 45 ವರ್ಷದವರಲ್ಲಿ ಕೋವಿಡ್ ಲಸಿಕೆಯಿಂದ ಹಠಾತ್ ಸಾವಿನ ಅಪಾಯ ಹೆಚ್ಚಿದ್ದು ಕಂಡುಬರಲಿಲ್ಲ.

ಲಸಿಕೆಯಿಂದ ನಿಜವಾಗಿ ಹಾನಿಯಾದ ಬೆರಳೆಣಿಕೆಯ ಜನರಿಗೆ ಸಮಾಜ ಏನು ಕೊಡಬೇಕು ಎಂಬುದೂ ಇದೇ ಚರ್ಚೆಯ ಭಾಗ. ತಪ್ಪು ಯಾರದೆಂದು ಸಾಬೀತು ಮಾಡಬೇಕಾಗಿಲ್ಲದ ಪರಿಹಾರ ವ್ಯವಸ್ಥೆಯನ್ನು ಬ್ರಿಟನ್ 1979ರ ಕಾನೂನಿನಿಂದಲೂ ಅಮೆರಿಕ 1986ರ ಕಾನೂನಿನಿಂದಲೂ ಮಾಡಿಕೊಂಡಿವೆ. ಊರಿನ ಒಳಿತಿಗಾಗಿ ಹಲಗೆ ಇಡು ಎಂದು ಹೇಳಿದ ಊರು, ಹಲಗೆ ಇಡುವಾಗ ಕೈ ಜಜ್ಜಿಕೊಂಡವನ ಆರೈಕೆಯನ್ನೂ ಹೊರಬೇಕು ಎಂಬ ತರ್ಕ ಅದರದು.

ಮತ್ತೆ ಆ ಫೈಲಿಗೆ

ಈಗ ಫೈಲಿನ ಕಾಗದಗಳನ್ನು ಒಂದೊಂದಾಗಿ ನೋಡಬಹುದು. ಶಾಲೆಯಲ್ಲಿ ತಾಯಿ ಕಾರ್ಡ್ ಕೇಳಿದರೆ ಅದು ಬಿಟ್ಟುಹೋದ ಡೋಸ್ ಪತ್ತೆ ಮಾಡಲು ಸಹಾಯಕ. ಲಸಿಕೆ ಬಾಕಿಯಿದ್ದರೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ಹಾಕಿಸಬಹುದು. ಕಾರ್ಡ್ ಕಳೆದುಹೋಗಿದ್ದರೆ ಉಪಕೇಂದ್ರದ ಆರೋಗ್ಯ ಕಾರ್ಯಕರ್ತೆಯನ್ನು ಕೇಳಬೇಕು, ಮಗುವಿನ ದಾಖಲೆ ಅವರ ರಿಜಿಸ್ಟರಿನಲ್ಲಿ ಇರುತ್ತದೆ. ಇತ್ತೀಚೆಗೆ ಹುಟ್ಟಿದ ಮಕ್ಕಳ ದಾಖಲೆ ಸರ್ಕಾರದ ಮಕ್ಕಳ ಲಸಿಕೆಯ ಯು–ವಿನ್ ಜಾಲತಾಣದಲ್ಲೂ ಸಿಗಬಹುದು. ನರ್ಸಿಂಗ್ ಮತ್ತು ವೈದ್ಯಕೀಯ ವಿದ್ಯಾರ್ಥಿಗಳಿಂದ ಕೇಳುವ ಹೆಪಟೈಟಿಸ್ ಬಿ ದಾಖಲೆ ಕೊಡೆಯೂ ಹೌದು ಹಲಗೆಯೂ ಹೌದು: ಬಳಸಿದ ಸೂಜಿ ಕೈಗೆ ತಾಗಿದಾಗ ವಿದ್ಯಾರ್ಥಿಯನ್ನೂ, ವಿದ್ಯಾರ್ಥಿಗೆ ಸೋಂಕಿದ್ದರೆ ರೋಗಿಯನ್ನೂ ಅದು ಕಾಯುತ್ತದೆ. ಅದರ ಮೂರು ಡೋಸ್‌ಗಳು ಮುಗಿಯಲು ಆರು ತಿಂಗಳು ಬೇಕಾಗುವುದರಿಂದ ಪ್ರವೇಶದ ವಾರದಲ್ಲಿ ಓಡಾಡಿದರೆ ಪ್ರಯೋಜನವಿಲ್ಲ. ಮುಂದೆ ವಿದೇಶದಲ್ಲಿ ನರ್ಸ್ ಆಗಬಯಸುವವರಿಂದ ದಡಾರ ಮತ್ತು ಸೀತಾಳೆ ಸಿಡುಬಿನ ರಕ್ಷಣೆಗೂ ಅನೇಕ ಆಸ್ಪತ್ರೆಗಳು ಸಾಕ್ಷಿ ಕೇಳುತ್ತವೆ, ಆದ್ದರಿಂದ ಬಾಲ್ಯದ ಚೀಟಿಗಳನ್ನೂ ಎಸೆಯಬಾರದು. ಹಳದಿ ಪುಸ್ತಕದ ಅವಧಿ ಮುಗಿಯುವುದಿಲ್ಲ. ಹತ್ತು ವರ್ಷಕ್ಕೊಮ್ಮೆ ಮತ್ತೆ ಹಾಕಿಸಬೇಕು ಎಂದು ಯಾರಾದರೂ ಹೇಳಿದರೆ ಅದು ಹಳೆಯ ನಿಯಮ. ಲ್ಯಾಮಿನೇಷನ್ ಮಾಡಿಸಿದ ಕೋವಿಡ್ ಪ್ರಮಾಣಪತ್ರವನ್ನು ಈಗ ಮಾಲಿನಲ್ಲಾಗಲಿ ಚಿತ್ರಮಂದಿರದಲ್ಲಾಗಲಿ ಕೇಳುವುದಿಲ್ಲ, ಆದರೆ ಲಸಿಕೆಯ ಹೆಸರು ಮತ್ತು ದಿನಾಂಕ ಇರುವ ಆ ಕಾಗದ ನಿಮ್ಮ ವೈದ್ಯಕೀಯ ದಾಖಲೆಯ ಒಂದು ಪುಟ. ಅದನ್ನು ತಾಯಿ ಕಾರ್ಡಿನ ಹಿಂದೆಯೇ ಸೇರಿಸಿಡಬಹುದು.